100ರಿಂದ 80ಕ್ಕೆ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 61. ವಾರಕ್ಕೊಮ್ಮೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ನನ್ನ ಐದು ವರ್ಷ ಹಳೆಯ ಪೆಟ್ರೋಲ್ ಕಾರಿನಲ್ಲಿ ಹೋಗಿ ಬರುತ್ತೇನೆ. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಒಂದು ವಾದ ಹತ್ತಿಕೊಂಡಿತು. ಹೆದ್ದಾರಿಯಲ್ಲಿ ವೇಗದ ಮಿತಿಯನ್ನು 100ರಿಂದ 80ಕ್ಕೆ ಇಳಿಸಿದರೆ ದೇಶಕ್ಕೆ ಎಷ್ಟೋ ಪೆಟ್ರೋಲ್ ಉಳಿಯುತ್ತೆ ಅಂತ ನಾನು ಹೇಳಿದೆ. 45-55ರಲ್ಲಿ ಓಡಿಸಿ, ಇಂಧನ ಉಳಿಸಿ ಅಂತ ಸರ್ಕಾರವೇ ಹೇಳುತ್ತಿತ್ತಲ್ಲ. ನನ್ನ ಭಾವಮೈದ ನಕ್ಕುಬಿಟ್ಟರು. ಈಗಿನ ಇಂಜಿನ್ 100ರ ಮೇಲೆ ಓಡೋದಕ್ಕೇ ಟ್ಯೂನ್ ಆಗಿರುತ್ತೆ, ನಿಧಾನ ಹೋದರೇ ಜಾಸ್ತಿ ಕುಡಿಯುತ್ತೆ, ಮಿತಿ ಅನ್ನೋದೆಲ್ಲ ದಂಡ ವಸೂಲಿಗೆ ಅಂದರು. ಟೆಕ್ಸಾಸ್‌ನಲ್ಲಿರುವ ಮಗ ವಿಡಿಯೊ ಕಾಲ್‌ನಲ್ಲಿದ್ದ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದನ್ನೇ ಮಾಡಿ ಕೈಬಿಟ್ಟರು ಅಪ್ಪ, ಇಲ್ಲಿ 85 ಮೈಲಿ ಮಿತಿ ಇರುವ ರಸ್ತೆಯೇ ಇದೆ ಅಂದ. ಯಾರ ಮಾತು ಸರಿ? ಇನ್ನೊಂದು, ನಾನೊಬ್ಬನೇ 80ರಲ್ಲಿ ಹೋದರೆ ಹಿಂದಿನವರು ಹಾರ್ನ್ ಹೊಡೆದು ಪ್ರಾಣ ತಿನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಿಧಾನ ಹೋದರೆ ನಿಮ್ಮ ಪೆಟ್ರೋಲ್ ಉಳಿಯುತ್ತದಾ ಅನ್ನುವುದು ಒಂದು. ಎಲ್ಲರಿಗೂ ಮಿತಿ ಇಳಿಸಿದರೆ ದೇಶದ ಪೆಟ್ರೋಲ್ ಉಳಿಯುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ಎರಡನೆಯದಕ್ಕೆ, ನಮ್ಮ ದೇಶದ ಮಟ್ಟಿಗೆ, ತೀರಾ ಸ್ವಲ್ಪ. ಹಬ್ಬದ ದಿನ ಎರಡನ್ನೂ ಒಟ್ಟಿಗೆ ಕಲಸಿದ್ದರಿಂದಲೇ ವಾದ ಮುಗಿಯಲಿಲ್ಲ ಅನ್ನಿಸುತ್ತದೆ.

ನಾನು ಸುಮಾರು ಮೂವತ್ತು ವರ್ಷ ಗಾಡಿಗಳ ಮೈಲೇಜ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅಲ್ಲಿ ಒಂದು ಸರಳ ಪರೀಕ್ಷೆ ಇದೆ. ಟ್ರ್ಯಾಕ್‌ನಲ್ಲಿ ಗಾಡಿಯನ್ನು 120ರ ಮೇಲೆ ಏರಿಸಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಮುಟ್ಟದೆ ಸುಮ್ನೆ ಬಿಟ್ಟುಬಿಡುವುದು. ವೇಗ ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುವುದು. ನಿಮ್ಮಂಥ ಕಾರು 120ರಿಂದ 100ಕ್ಕೆ ಇಳಿಯಲು ಹದಿನೈದು ಸೆಕೆಂಡ್ ಸಾಕು. ಅದೇ ಕಾರು 60ರಿಂದ 40ಕ್ಕೆ ಇಳಿಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ. ಎರಡು ಕಡೆಯೂ ಇಳಿದದ್ದು 20 ಕಿಲೋಮೀಟರ್ ವೇಗವೇ. ಆದರೆ ಮೇಲಿನ ವೇಗದಲ್ಲಿ ಯಾರೋ ಎದೆಗೆ ಕೈ ಕೊಟ್ಟು ಹಿಂದೆ ತಳ್ಳಿದ ಹಾಗೆ ಆಗುತ್ತದೆ. ಆ ಕೈ ಗಾಳಿಯದು.

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಟೈರ್ ಉರುಳುವಾಗಿನ ತಡೆ ಹಾಗಲ್ಲ, ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ 50ರಲ್ಲಿ ಇಂಜಿನ್ ಪಡುವ ಶ್ರಮದಲ್ಲಿ ಗಾಳಿಯ ಪಾಲು ಮೂರನೇ ಒಂದು. 100ರಲ್ಲಿ ಅದು ಮೂರನೇ ಎರಡಾಗುತ್ತದೆ. ಅಂದರೆ ಹೆದ್ದಾರಿಯಲ್ಲಿ ನೀವು ದುಡ್ಡು ಕೊಟ್ಟು ತಳ್ಳುತ್ತಿರುವುದು ಬಹುಪಾಲು ಗಾಳಿಯನ್ನೇ.

ಈಗ ನಿಮ್ಮ ಭಾವಮೈದನವರ ಮಾತು. ಅದರಲ್ಲಿ ಒಂದು ಎಳೆ ನಿಜವಿದೆ. ಪೆಟ್ರೋಲ್ ಇಂಜಿನ್‌ಗೆ ತೀರಾ ಕಡಿಮೆ ಕೆಲಸ ಕೊಟ್ಟರೆ ಅದು ಪೆಟ್ರೋಲನ್ನು ಪೋಲು ಮಾಡುತ್ತದೆ. ಥ್ರಾಟಲ್, ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅರೆಬರೆ ಮುಚ್ಚಿರುವಾಗ ಗಾಳಿ ಎಳೆದುಕೊಳ್ಳುವುದಕ್ಕೇ ಅದಕ್ಕೆ ಒಂದಿಷ್ಟು ಶಕ್ತಿ ಬೇಕು. ಸ್ವಲ್ಪ ಭಾರ ಬಿದ್ದಾಗಲೇ ಅದು ಹದವಾಗಿ ದುಡಿಯುವುದು. ಇದಕ್ಕೇ 100ರಲ್ಲಿ ಗಾಳಿಯ ತಡೆ ಅಷ್ಟೊಂದು ಏರಿದರೂ ಪೆಟ್ರೋಲ್ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆದರೆ ಏರುವುದಂತೂ ಏರುತ್ತದೆ. ಇಂಜಿನ್ ಕೊಡುವ ರಿಯಾಯಿತಿಗಿಂತ ಗಾಳಿ ಕೀಳುವ ಸುಂಕ ದೊಡ್ಡದು. ಈಗಿನ ಹೆಚ್ಚಿನ ಕಾರುಗಳಿಗೆ ಟಾಪ್ ಗೇರ್‌ನಲ್ಲಿ 60ರಿಂದ 80ರ ನಡುವೆ ಎಲ್ಲೋ ಅತಿ ಒಳ್ಳೆಯ ಮೈಲೇಜ್ ಸಿಗುತ್ತದೆ. 100ರ ಮೇಲೆ ಒಳ್ಳೆ ಮೈಲೇಜ್ ಕೊಡುವ ಕಾರನ್ನು ನಾನಂತೂ ಕಂಡಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 74 ಗಾಡಿಗಳ ಅಂಕಿಗಳನ್ನು ಒಟ್ಟಿಗೆ ನೋಡಿತ್ತು. ಗಂಟೆಗೆ 50 ಮೈಲಿಯಿಂದ 60ಕ್ಕೆ ಹೋದರೆ ಮೈಲೇಜ್ ಸರಾಸರಿ ಶೇ 12ರಷ್ಟು ಬಿತ್ತು. 60ರಿಂದ 70ಕ್ಕೆ ಹೋದರೆ ಮತ್ತೆ ಶೇ 14ರಷ್ಟು. ನಮ್ಮ ಲೆಕ್ಕದಲ್ಲಿ 80ರಿಂದ 112 ಕಿಲೋಮೀಟರ್‌ವರೆಗಿನ ವೇಗ ಅದು.

45-55ರ ಮಾತಿಗೆ ಬರೋಣ. ಅದು ಪೆಟ್ರೋಲಿಯಂ ಉಳಿತಾಯಕ್ಕೆಂದೇ ಇರುವ ಪಿಸಿಆರ್‌ಎ ಸಂಸ್ಥೆಯ ಪ್ರಚಾರ. 80ಕ್ಕೆ ಹೋಲಿಸಿದರೆ 45-55ರಲ್ಲಿ ಶೇ 40ರವರೆಗೆ ಹೆಚ್ಚು ಮೈಲೇಜ್ ಬರುತ್ತದೆ ಅಂತ ಅವರು ಹೇಳುತ್ತಿದ್ದರು. ಅಂಬಾಸಿಡರ್ ಕಾಲಕ್ಕೆ ಆ ಸಲಹೆ ಒಪ್ಪುವಂಥದ್ದೇ. ನಾಲ್ಕೇ ಗೇರು, 80 ದಾಟಿದರೆ ಇಂಜಿನ್ ಅರಚಿಕೊಳ್ಳುತ್ತಿತ್ತು. ಈಗ ಐದು ಅಥವಾ ಆರು ಗೇರ್‌ಗಳ ಕಾಲ. ನಿಮ್ಮ ಕಾರನ್ನು 45ರಲ್ಲಿ ಐದನೇ ಗೇರ್‌ಗೆ ಹಾಕಿದರೆ ಅದು ಗುದ್ದಾಡುತ್ತದೆ, ಗಡಗಡ ಅನ್ನುತ್ತದೆ. ಅದು ಒಳ್ಳೆಯದಲ್ಲ. ಆದ್ದರಿಂದ ಆ ಹಳೆಯ ಅಂಕಿಯನ್ನು ಮರೆತುಬಿಡಿ. ನಿಧಾನವಾದಷ್ಟೂ ಲಾಭ ಅನ್ನುವುದು ಒಂದು ಹಂತದವರೆಗೆ ಮಾತ್ರ.

ನಿಮ್ಮ ದಾರಿಯ ಲೆಕ್ಕವನ್ನೇ ಹಾಕೋಣ. ಬೆಂಗಳೂರು-ಮೈಸೂರು ಹೆದ್ದಾರಿ 118 ಕಿಲೋಮೀಟರ್. ನಿಮ್ಮಂಥ ಕಾರು 80ರಲ್ಲಿ ಲೀಟರ್‌ಗೆ 20 ಕೊಟ್ಟರೆ, 100ರಲ್ಲಿ 17ರ ಹತ್ತಿರ, 120ರಲ್ಲಿ 14 ಕೊಡುತ್ತದೆ ಅಂತಿಟ್ಟುಕೊಳ್ಳಿ. ಇದು ನನ್ನ ಅಂದಾಜು. ಲೀಟರ್‌ಗೆ 100 ರೂಪಾಯಿ ಅಂತ ಸುಲಭ ಮಾಡಿಕೊಳ್ಳೋಣ. ದಾರಿಯುದ್ದಕ್ಕೂ ಒಂದೇ ವೇಗದಲ್ಲಿ ಹೋದಿರಿ ಅಂದುಕೊಂಡರೆ, 120ರಲ್ಲಿ 59 ನಿಮಿಷ, ಸುಮಾರು 840 ರೂಪಾಯಿ. 100ರಲ್ಲಿ 71 ನಿಮಿಷ, 700 ರೂಪಾಯಿ. 80ರಲ್ಲಿ 89 ನಿಮಿಷ, 590 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. 120 ಬಿಟ್ಟು 100ಕ್ಕೆ ಬಂದರೆ 12 ನಿಮಿಷ ಕೊಟ್ಟು 140 ರೂಪಾಯಿ ಉಳಿಸುತ್ತೀರಿ. 100 ಬಿಟ್ಟು 80ಕ್ಕೆ ಬಂದರೆ ಕೊಡಬೇಕಾದ್ದು ಹದಿನೆಂಟು ನಿಮಿಷ, ಉಳಿಯುವುದು 110. ಮೇಲಿನ ಮೆಟ್ಟಿಲು ಇಳಿಯುವುದು ಅಗ್ಗ, ಕೆಳಗಿನದು ದುಬಾರಿ. ನಿವೃತ್ತರಿಗೆ ಹದಿನೆಂಟು ನಿಮಿಷ ದೊಡ್ಡದಲ್ಲ. ಅದೇ ಟ್ಯಾಕ್ಸಿ ಓಡಿಸುವವರಿಗೆ ಅದು ಒಂದು ಟ್ರಿಪ್ಪಿನ ಲೆಕ್ಕ. ಇನ್ನು ಎತ್ತರದ ಚೌಕ ಮೂತಿಯ ಎಸ್‌ಯುವಿ ಇಟ್ಟವರಿಗೂ, ಕಾರಿನ ತಲೆ ಮೇಲೆ ಕ್ಯಾರಿಯರ್ ಕಟ್ಟಿದವರಿಗೂ ಈ ವ್ಯತ್ಯಾಸ ಇನ್ನೂ ಜೋರಾಗಿರುತ್ತದೆ. ಇಲೆಕ್ಟ್ರಿಕ್ ಕಾರಿನವರು ಇದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. 120ರಲ್ಲಿ ಚಾರ್ಜ್ ಇಳಿಯುವುದು ಕಣ್ಣೆದುರೇ ಕಾಣುತ್ತದಲ್ಲ.

ಈಗ ನಿಮ್ಮ ಮಗ ಹೇಳಿದ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಚರ್ಚೆ ಎಲ್ಲಿ ನಡೆದರೂ ಇದೇ ಕಥೆಯನ್ನು ಎರಡೂ ಕಡೆಯವರು ಎಳೆದು ತರುತ್ತಾರೆ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲು. ಅಧ್ಯಕ್ಷ ನಿಕ್ಸನ್ ಮೊದಲು ಕಾರುಗಳಿಗೆ 50 ಮೈಲಿ ಮಿತಿ ಅಂದರು. ಕೊನೆಗೆ ಎಲ್ಲರಿಗೂ 55 ಮೈಲಿ ಅಂತ ತೀರ್ಮಾನವಾಗಿ, 1974ರ ಜನವರಿ 2ರಂದು ಕಾನೂನಿಗೆ ಸಹಿ ಬಿತ್ತು. 55 ಮೈಲಿ ಅಂದರೆ 88 ಕಿಲೋಮೀಟರ್. ಲಾರಿ ಚಾಲಕರು ಸಿಡಿದೆದ್ದರು, ಮುಷ್ಕರ ಮಾಡಿದರು. ಅವರಿಗೆ ಮೈಲಿ ಲೆಕ್ಕದಲ್ಲಿ ಸಂಬಳ, ನಿಧಾನ ಅಂದರೆ ಕಡಿಮೆ ಕೂಲಿ. ಉದ್ದನೆಯ ಖಾಲಿ ರಸ್ತೆಗಳಿರುವ ಪಶ್ಚಿಮದ ರಾಜ್ಯಗಳು ಒಲ್ಲದ ಮನಸ್ಸಿನಿಂದ ಒಪ್ಪಿದವು. ಮೊಂಟಾನಾ ಮಾಡಿದ್ದು ನನಗೆ ಈಗಲೂ ನಗು ತರಿಸುತ್ತದೆ. ಅಲ್ಲಿ ಹಗಲಲ್ಲಿ 55 ದಾಟಿದರೆ ಬರೀ 5 ಡಾಲರ್ ದಂಡ. ಅದೂ ಅತಿವೇಗಕ್ಕಲ್ಲ, ಇಂಧನ ಪೋಲು ಮಾಡಿದ್ದಕ್ಕೆ! ಐದು ಡಾಲರ್ ಕೊಟ್ಟು ಜನ ಮುಂದೆ ಹೋಗುತ್ತಿದ್ದರು.

ಉಳಿದದ್ದೆಷ್ಟು? ಆಮೇಲೆ ಲೆಕ್ಕ ಹಾಕಿದವರಲ್ಲಿ ಒಮ್ಮತ ಇಲ್ಲ. ಅರ್ಧ ಪರ್ಸೆಂಟ್ ಅಂದವರಿದ್ದಾರೆ, ಎರಡು ಪರ್ಸೆಂಟ್ ಅಂದವರಿದ್ದಾರೆ. ಅದಕ್ಕಿಂತ ಹೆಚ್ಚು ಹೇಳಿದವರು ವಿರಳ. ಕಾರಣ ಸರಳ. ಊರೊಳಗಿನ ಓಡಾಟ ಹೇಗೂ 55ರ ಕೆಳಗೇ ಇತ್ತು. ಹೆದ್ದಾರಿಯಲ್ಲಿ ಎಲ್ಲರೂ ಮಿತಿ ಪಾಲಿಸಲಿಲ್ಲ. ಗಾಡಿಗೆ ಶೇ 15 ಉಳಿದರೂ ದೇಶಕ್ಕೆ ಶೇ 1 ಆಗುವುದು ಹೀಗೆ.

ಆದರೆ ಅದೇ ಹೊತ್ತಿಗೆ ಇನ್ನೊಂದು ಸಂಖ್ಯೆ ಕುಸಿಯಿತು. 1973ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸುಮಾರು 54,000 ಜನ ಸತ್ತಿದ್ದರು. 1974ರಲ್ಲಿ ಅದು 45,000ದ ಆಸುಪಾಸಿಗೆ ಇಳಿಯಿತು. ಪೂರ್ತಿ ಪುಣ್ಯ ಮಿತಿಗೇ ಸೇರಬೇಕು ಅಂತ ನಾನು ಹೇಳುವುದಿಲ್ಲ. ಪೆಟ್ರೋಲ್ ಸಿಗದೆ ಜನ ಓಡಾಡಿದ್ದೂ ಕಡಿಮೆ. ಆದರೂ ಒಂದು ಪಾಲು ಅದರದ್ದೇ. ಹತ್ತು ವರ್ಷದ ನಂತರ, 1984ರಲ್ಲಿ, ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಮಿತಿ ವರ್ಷಕ್ಕೆ 2,000ದಿಂದ 4,000 ಜೀವ ಉಳಿಸುತ್ತಿದೆ ಅಂತ ಅಂದಾಜು ಮಾಡಿತು.

ಹಾಗಾದರೆ ಕೈಬಿಟ್ಟಿದ್ದು ಯಾಕೆ? 1986ರಲ್ಲಿ ತೈಲದ ಬೆಲೆ ನೆಲಕಚ್ಚಿತು. ಮರುವರ್ಷವೇ ಹಳ್ಳಿಗಾಡಿನ ಹೆದ್ದಾರಿಗಳಲ್ಲಿ 65 ಮೈಲಿಗೆ ಅನುಮತಿ ಸಿಕ್ಕಿತು. 1995ರ ನವೆಂಬರ್‌ನಲ್ಲಿ ಕ್ಲಿಂಟನ್ ಸಹಿಯೊಂದಿಗೆ ಕೇಂದ್ರದ ಮಿತಿಯೇ ರದ್ದಾಗಿ, ತೀರ್ಮಾನ ರಾಜ್ಯಗಳ ಕೈಗೆ ಹೋಯಿತು. ನಿಮ್ಮ ಮಗ ಹೇಳಿದ 85 ಮೈಲಿಯ ರಸ್ತೆ ಆಸ್ಟಿನ್ ಪಕ್ಕದ ಟೋಲ್ ರಸ್ತೆ 130. 2012ರಲ್ಲಿ ಅಲ್ಲಿ ಆ ಮಿತಿ ಬಂತು, ಆ ದೇಶದಲ್ಲೇ ಅದು ಅತಿ ಹೆಚ್ಚು. ಅವರ ಮಾತು ಸುಳ್ಳಲ್ಲ. ಆದರೆ ಕೈಬಿಟ್ಟದ್ದು ಪ್ರಯೋಜನ ಇಲ್ಲ ಅಂತಲ್ಲ, ಪೆಟ್ರೋಲ್ ಅಗ್ಗವಾಯಿತು ಅಂತ. ಉಳಿಯುತ್ತಿದ್ದ ಜೀವಗಳ ವಾದಕ್ಕೆ ಆಗ ಬೆಲೆ ಸಿಗಲಿಲ್ಲ. ಮಿತಿಯನ್ನು ಪೆಟ್ರೋಲ್ ಹೆಸರಿನಲ್ಲಿ ತಂದಿದ್ದರಲ್ಲ, ಪೆಟ್ರೋಲಿನ ಜೊತೆಗೇ ಅದು ಹೋಯಿತು.

ಯೂರೋಪಿನಲ್ಲೂ ಹೆಚ್ಚುಕಡಿಮೆ ಇದೇ. 2011ರಲ್ಲಿ ಲಿಬಿಯಾದಲ್ಲಿ ಯುದ್ಧ ಶುರುವಾಗಿ ತೈಲದ ಬೆಲೆ ಏರಿದಾಗ ಸ್ಪೇನ್ 120 ಇದ್ದುದನ್ನು 110 ಮಾಡಿತು. ಬೋರ್ಡ್‌ಗಳ ಮೇಲೆ ಸ್ಟಿಕರ್ ಅಂಟಿಸಿದರು, ನಾಲ್ಕು ತಿಂಗಳೊಳಗೆ ಕಿತ್ತರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹತ್ತು ಸಲಹೆ ಕೊಟ್ಟಿತು. ಹೆದ್ದಾರಿಯ ಮಿತಿಯನ್ನು ಕನಿಷ್ಠ 10 ಕಿಲೋಮೀಟರ್ ಇಳಿಸಿ ಅನ್ನುವುದು ಅದರಲ್ಲಿ ಮೊದಲನೆಯದು. ಮುಂದುವರಿದ ದೇಶಗಳೆಲ್ಲ ಸೇರಿ ಮಾಡಿದರೆ ಕಾರುಗಳಿಂದಲೇ ದಿನಕ್ಕೆ 2.9 ಲಕ್ಷ ಬ್ಯಾರೆಲ್ ಉಳಿಯುತ್ತದೆ ಅಂತ ಅವರ ಲೆಕ್ಕ. ಆಗ ಜರ್ಮನಿಯಲ್ಲಿ ಜೋರು ಚರ್ಚೆ. ಅಲ್ಲಿನ ಆಟೊಬಾನ್ ಹೆದ್ದಾರಿಗಳ ದೊಡ್ಡ ಭಾಗಕ್ಕೆ ಮಿತಿಯೇ ಇಲ್ಲ, 130 ಅನ್ನುವುದು ಬರೀ ಸಲಹೆ. ಸಾರಿಗೆ ಸಚಿವ ಫೋಲ್ಕರ್ ವಿಸ್ಸಿಂಗ್ ಕೊಟ್ಟ ಕಾರಣಗಳಲ್ಲಿ ಒಂದು, ಅಷ್ಟೊಂದು ಬೋರ್ಡ್‌ಗಳು ನಮ್ಮ ಬಳಿ ಸ್ಟಾಕ್ ಇಲ್ಲ ಅನ್ನುವುದು. ಕಾರು ಕಟ್ಟುವ ದೇಶದಲ್ಲಿ ಬೋರ್ಡಿಗೆ ಬರ!

ಸರಿ, ನಮ್ಮಲ್ಲಿ? ಆ ದೇಶಗಳಲ್ಲಿ ಪೆಟ್ರೋಲ್ ಕುಡಿಯುವುದು ಕಾರು. ನಮ್ಮಲ್ಲಿ ಹಾಗಲ್ಲ. 2013-14ರಲ್ಲಿ ಪೆಟ್ರೋಲಿಯಂ ಸಚಿವಾಲಯದ ಅಂಕಿಅಂಶ ಘಟಕ ದೇಶದಾದ್ಯಂತ ಒಂದು ಸಮೀಕ್ಷೆ ಮಾಡಿಸಿತ್ತು. ಮಾರಾಟವಾಗುವ ಪೆಟ್ರೋಲ್‌ನಲ್ಲಿ ಶೇ 61 ಹೋಗುವುದು ಬೈಕು, ಸ್ಕೂಟರ್‌ಗಳಿಗೆ ಅಂತ ಅದರಲ್ಲಿ ಕಂಡುಬಂತು. ಕಾರುಗಳ ಪಾಲು ಮೂರನೇ ಒಂದರಷ್ಟು. ಆ ಕಾರುಗಳೂ ಓಡುವುದು ಬಹುಪಾಲು ಊರೊಳಗೆ, ಸಿಗ್ನಲ್‌ಗಳಲ್ಲಿ ನಿಂತು ನಿಂತು. ಕಾರುಗಳ ಪೆಟ್ರೋಲ್‌ನಲ್ಲಿ ಹತ್ತನೇ ಒಂದು ಭಾಗ 80ರ ಮೇಲಿನ ವೇಗದಲ್ಲಿ ಉರಿಯುತ್ತದೆ ಅಂತ ಧಾರಾಳವಾಗಿಯೇ ಊಹಿಸಿಕೊಳ್ಳಿ. ಎಲ್ಲರೂ ಚಾಚೂ ತಪ್ಪದೆ 80ಕ್ಕೆ ಇಳಿದರೂ ದೇಶದ ಪೆಟ್ರೋಲ್‌ನಲ್ಲಿ ಉಳಿಯುವುದು ಅರ್ಧ ಪರ್ಸೆಂಟ್.

ಡೀಸೆಲ್ ನಮ್ಮಲ್ಲಿ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಖರ್ಚಾಗುತ್ತದೆ, ಅದರಲ್ಲಿ ಉಳಿಯುವುದಿಲ್ಲವೇ ಅಂತ ಕೇಳಬಹುದು. ಲೋಡ್ ಹೊತ್ತ ಲಾರಿ ನಮ್ಮಲ್ಲಿ 80 ಮುಟ್ಟುವುದೇ ಅಪರೂಪ. 2015ರಿಂದ ಹೊಸ ಲಾರಿ, ಬಸ್ಸುಗಳಿಗೆ ವೇಗ 80 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಕಡ್ಡಾಯವೂ ಆಗಿದೆ. ಬಸ್ಸಿನವರಿಗಂತೂ ಈ ಪಾಠ ಬೇಕಿಲ್ಲ. ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಹೋಗಿ ಕೇಳಿ, ಕೆಎಂಪಿಎಲ್ (ಲೀಟರ್‌ಗೆ ಓಡಿದ ಕಿಲೋಮೀಟರ್) ಎಷ್ಟು ಬಂತು ಅನ್ನುವುದು ಚಾಲಕರ ದಿನನಿತ್ಯದ ತಲೆನೋವು.

ದೇಶದ ಇಂಧನ ಉಳಿಸುವ ಐಡಿಯಾಗಳಿಗೆ ನಮ್ಮಲ್ಲೂ ಕೊರತೆ ಇಲ್ಲ. 2013ರಲ್ಲಿ ನಮ್ಮವರೇ ಆದ ವೀರಪ್ಪ ಮೊಯಿಲಿ ಪೆಟ್ರೋಲಿಯಂ ಸಚಿವರಾಗಿದ್ದಾಗ, ರಾತ್ರಿ ಹೊತ್ತು ಬಂಕ್ ಮುಚ್ಚಿದರೆ ಹೇಗೆ ಅನ್ನುವ ಮಾತು ತೇಲಿಬಂದಿತ್ತು. ಗಲಾಟೆಯಾಗಿ ಅದು ಅಲ್ಲೇ ಬಿದ್ದುಹೋಯಿತು. ಆಮೇಲೆ ಅವರೇ ದೆಹಲಿಯಲ್ಲಿ ಮೆಟ್ರೊ ಹತ್ತಿ ಆಫೀಸಿಗೆ ಹೋಗಿ ತೋರಿಸಿದರು. ನನಗೆ ಕೇಳಿದರೆ ಮೊದಲನೆಯದಕ್ಕಿಂತ ಎರಡನೆಯದರಲ್ಲಿ ಹುರುಳಿತ್ತು.

ದಂಡ ವಸೂಲಿಯ ವಿಷಯ. ಬೆಂಗಳೂರು-ಮೈಸೂರು ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲಿ ಅಲ್ಲಿ ಎಂಥೆಂಥ ಅಪಘಾತ ಆದವು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದಾದ ಮೇಲೇ ಪೊಲೀಸರು ಸ್ಪೀಡ್ ಗನ್ ಹಿಡಿದು 100ರ ಮಿತಿಯನ್ನು ಬಿಗಿ ಮಾಡಿದ್ದು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಇಳಿಸಿದ್ದು. ಕೇಂದ್ರ ಸರ್ಕಾರ 2018ರಲ್ಲಿ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ 120ರವರೆಗೆ ಬಿಟ್ಟಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅಪಘಾತದ ಕೇಸೊಂದರಲ್ಲಿ ಆ ಆದೇಶವನ್ನೇ ತಳ್ಳಿಹಾಕಿತು. ಎಲ್ಲ ಕಡೆ ಮಾತು ಜೀವದ್ದು, ಪೆಟ್ರೋಲಿನದಲ್ಲ. 100ರಲ್ಲಿ ಹೋಗುವ ಕಾರಿನಲ್ಲಿ 80ರದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಗುದ್ದುವ ಶಕ್ತಿ ಇರುತ್ತದೆ. ಇಷ್ಟು ಸಾಕಲ್ವಾ? ಮಿತಿ ಬೇಕು ಅನ್ನುವವರು ಇದನ್ನೇ ನೇರವಾಗಿ ಹೇಳಲಿ. ಪೆಟ್ರೋಲಿನ ಬಟ್ಟೆ ತೊಡಿಸುವುದು ಬೇಡ.

ಬರೀ ಬೋರ್ಡ್ ಬದಲಿಸಿ 80 ಮಾಡಿದರೆ ಏನಾಗುತ್ತದೆ ಅಂತ ನನಗೆ ಭಯವೂ ಇದೆ. ಅರ್ಧ ಜನ ಪಾಲಿಸುತ್ತಾರೆ, ಅರ್ಧ ಜನ 110ರಲ್ಲೇ ಹೋಗುತ್ತಾರೆ. ಒಂದೇ ರಸ್ತೆಯಲ್ಲಿ ವೇಗಗಳ ನಡುವೆ ಅಂತರ ಹೆಚ್ಚಿದಷ್ಟೂ ಅಪಾಯ. ಕ್ಯಾಮೆರಾ ಕಂಡಲ್ಲಿ ಬ್ರೇಕ್ ಒತ್ತಿ, ದಾಟಿದ ಕೂಡಲೇ ತುಳಿಯುವ ಚಾಳಿ ಈಗಲೇ ಇದೆ. 120ರಿಂದ 80ಕ್ಕೆ ಬ್ರೇಕ್ ಹಾಕಿ ಮತ್ತೆ 120ಕ್ಕೆ ಏರಿಸಿದರೆ ಒಂದೊಂದು ಸಲಕ್ಕೂ 40 ಎಂಎಲ್‌ನಷ್ಟು ಪೆಟ್ರೋಲ್ ಸುಮ್ನೆ ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಕ್ಯಾಮೆರಾಕ್ಕೆ ನಾಲ್ಕು ರೂಪಾಯಿ ಕಾಣಿಕೆ ಅಂದುಕೊಳ್ಳಿ. ಎರಡು ಟೋಲ್‌ಗಳ ನಡುವಿನ ಸಮಯ ನೋಡಿ ಸರಾಸರಿ ವೇಗ ಹಿಡಿಯುವ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ ಈ ಆಟ ನಡೆಯುವುದಿಲ್ಲ. ಆದರೆ ನಡುವೆ ಕಾಫಿಗೆ ನಿಂತವರು ಆ ಸಮಯವನ್ನು ವೇಗದಲ್ಲಿ ವಾಪಸ್ ಪಡೆಯಲು ಹೋದಾರು, ಆ ತೊಂದರೆ ಅದಕ್ಕಿದೆ.

ಕೊನೆಗೆ ನಿಮ್ಮ ಹಾರ್ನ್ ಸಮಸ್ಯೆ. ಮಿತಿ ಅನ್ನುವುದು ಮೇಲಿನ ಗೆರೆ. ಅದರ ಕೆಳಗೆ ಹೋಗುವುದು ತಪ್ಪಲ್ಲ, ಆದರೆ ಯಾವ ಲೇನ್‌ನಲ್ಲಿ ಅನ್ನುವುದು ಮುಖ್ಯ. ಬಲಗಡೆಯ ಲೇನ್‌ನಲ್ಲಿ 80 ಹಿಡಿದು ಕೂತರೆ ನೀವು ಉಳಿಸುವ ನೂರು ರೂಪಾಯಿಗೆ ಬೇರೆಯವರು ಎಡದಿಂದ ನುಗ್ಗಿ ಅಪಾಯ ತರುತ್ತಾರೆ. ಎಡಕ್ಕೆ ಹೋದರೆ ಅಲ್ಲಿ 50ರ ಲಾರಿ ಸಿಗುತ್ತದೆ, ಪದೇ ಪದೇ ಹೊರಬಂದು ದಾಟಬೇಕು. ಅದೂ ಸುಖವಲ್ಲ. ಆದ್ದರಿಂದ ನಾನು ನಿಮಗೆ 80 ಅನ್ನುವುದಿಲ್ಲ. ನಡುವಿನ ಲೇನ್‌ನಲ್ಲಿ 85-90, ಒಂದೇ ಸಮನೆ. ಲಾಭದ ಅರ್ಧಕ್ಕೂ ಹೆಚ್ಚು ಅಲ್ಲೇ ಸಿಗುತ್ತದೆ. ಮಳೆ ಬಂದಾಗ, ಕತ್ತಲಲ್ಲಿ, ಈ ಲೆಕ್ಕ ಬಿಟ್ಟು ಇನ್ನೂ ಇಳಿಸಿ.

ಭಾವಮೈದನವರನ್ನು ಒಪ್ಪಿಸಬೇಕು ಅಂದರೆ ಒಂದು ತಿಂಗಳ ಕೆಲಸ ಇದೆ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ಮೊದಲ ಸಲ ನಾಝಲ್ ತಾನಾಗಿ ಕಟ್ ಆದಾಗ ನಿಲ್ಲಿಸಲು ಹೇಳಿ, ರೌಂಡ್ ಫಿಗರ್‌ಗೆ ಅಂತ ಮೇಲೆ ಹಾಕಿಸಬೇಡಿ. ಟೈರಿಗೆ ತಣ್ಣಗಿದ್ದಾಗ ಗಾಳಿ ನೋಡಿಸಿ. ಎರಡು ವಾರ 100ರಲ್ಲಿ ಹೋಗಿ ಬನ್ನಿ, ಎರಡು ವಾರ 85ರಲ್ಲಿ. ಎಸಿಯನ್ನು ಎರಡೂ ಸಲ ಒಂದೇ ರೀತಿ ಇಡಿ. ಪ್ರತಿ ಸಲ ಬಂದ ಮೇಲೆ ತುಂಬಿಸಿ, ಬಿಲ್ಲಿನ ಲೀಟರ್, ಓಡಿದ ಕಿಲೋಮೀಟರ್ ಬರೆದಿಡಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ, ಅದು ಸಾಮಾನ್ಯವಾಗಿ ಮಾಲೀಕರನ್ನು ಖುಷಿಪಡಿಸುತ್ತದೆ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಒಂದಿಷ್ಟು ಜಾಸ್ತಿಯೇ ತೋರಿಸುತ್ತದೆ, ಹಾಗಾಗಿ ಪಕ್ಕದಲ್ಲಿ ಕೂತವರಿಗೆ ಮೊಬೈಲ್‌ನ ಜಿಪಿಎಸ್ ವೇಗ ನೋಡುವ ಕೆಲಸ ಕೊಡಿ. ಆ ಕೆಲಸಕ್ಕೆ ಭಾವಮೈದನವರನ್ನೇ ಕೂರಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.